118 ಕೋಟಿಯ ಹುಸೇನ್, ಮೂರು ಸಾವಿರದ ಜಲವರ್ಣ

ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಗಾಡಿ ಓಡಾಡುವುದಿಲ್ಲ. ಅವತ್ತು ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸಿಕೊಂಡು ಬಂದಿರುವ ಸಂತೆ ಇದು. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಬದಿಗೆ ಕ್ಯಾನ್ವಾಸ್ ಒರಗಿಸಿಕೊಂಡು ಕೂತಿರುತ್ತಾರೆ. ಕಡಲೆಕಾಯಿ ಮೆಲ್ಲುತ್ತಾ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ನೋಡುತ್ತಾ ಹೋಗುತ್ತಾರೆ.

ಕೆಲವು ವರ್ಷದ ಹಿಂದೆ ಅಲ್ಲಿ ಒಬ್ಬ ಹುಡುಗಿಯ ಮುಂದೆ ನಿಂತಿದ್ದೆ. ನೆಲದ ಮೇಲೆ ಬೆಡ್‌ಶೀಟ್ ಹಾಸಿ ಸಣ್ಣ ಸಣ್ಣ ಜಲವರ್ಣ ಚಿತ್ರಗಳನ್ನು ಜೋಡಿಸಿದ್ದಳು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಗ್ಗಿ ಒಂದನ್ನು ಎತ್ತಿಕೊಂಡರು.

"ಏನಮ್ಮಾ, ಇದು ಫ್ರೇಮ್ ಸೇರಿನಾ?"

"ಇಲ್ಲ ಸರ್. ಬರೀ ಪೇಂಟಿಂಗ್. ಮೂರೂವರೆ ಸಾವಿರ."

"ಇಷ್ಟು ಚಿಕ್ಕದಕ್ಕಾ?"

ಅವರು ಕೆಳಗಿಟ್ಟು ಹೊರಟರು. ನಾನು ಅದನ್ನೇ ಕೊಂಡೆ. ಮಧ್ಯಾಹ್ನದ ಕೆ.ಆರ್. ಮಾರುಕಟ್ಟೆ, ವ್ಯಾಪಾರ ಮುಗಿದು ಒಂದರ ಮೇಲೊಂದು ಕವುಚಿಟ್ಟ ಖಾಲಿ ಹೂವಿನ ಬುಟ್ಟಿಗಳು, ಒದ್ದೆ ನೆಲ. ಮುಚ್ಚಿಡುವುದೇಕೆ, ನಾನೂ ಚೌಕಾಸಿ ಮಾಡಿದೆ. ಮೂರು ಸಾವಿರಕ್ಕೆ ಕೊಟ್ಟಳು.

ಭಾರತದಲ್ಲಿ ಕಲೆಯ ಮಾರುಕಟ್ಟೆ ಅಂತ ಯಾರಾದರೂ ಮಾತು ತೆಗೆದಾಗ ನನಗೆ ಆ ಬೆಡ್‌ಶೀಟ್ ನೆನಪಾಗುತ್ತದೆ. ಪತ್ರಿಕೆಗಳಲ್ಲಿ ಬರುವ ಮಾರುಕಟ್ಟೆಯೇ ಬೇರೆ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನರ 'ಗ್ರಾಮ ಯಾತ್ರಾ' 1.37 ಕೋಟಿ ಡಾಲರ್‌ಗೂ ಹೆಚ್ಚಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 118 ಕೋಟಿ ರೂಪಾಯಿ. ಹರಾಜು ಮನೆಯವರೇ ಇಟ್ಟಿದ್ದ ಅಂದಾಜು 25ರಿಂದ 35 ಲಕ್ಷ ಡಾಲರ್. ಅದರ ಮೇಲಿನ ಅಂಕಿಗೂ ಸುಮಾರು ನಾಲ್ಕು ಪಟ್ಟು ಬಂತು. ಮುಂದಿನ ತಿಂಗಳೇ ತೈಯಬ್ ಮೆಹ್ತಾ ಅವರ ಕಾಲು ಕಟ್ಟಿದ ಎತ್ತಿನ ಚಿತ್ರ 61.8 ಕೋಟಿಗೆ, ಸೆಪ್ಟೆಂಬರಿನಲ್ಲಿ ಗಾಯ್ತೊಂಡೆಯವರ ಒಂದು ಚಿತ್ರ 67 ಕೋಟಿಗೆ ಹೋದವು. 'ಭಾರತೀಯ ಕಲೆಗೆ ಸುವರ್ಣಕಾಲ' ಅಂತ ಬರೆದವರು ಬಹಳ ಮಂದಿ.

ಯಾರಿಗೆ ಸುವರ್ಣಕಾಲ? ಹುಸೇನ್ ತೀರಿಕೊಂಡದ್ದು 2011ರಲ್ಲಿ, ಅದೂ ದೇಶ ಬಿಟ್ಟು ಹೋಗಿ ಲಂಡನ್ನಿನಲ್ಲಿ. ತೈಯಬ್ ಮೆಹ್ತಾ 2009ರಲ್ಲಿ. ಗಾಯ್ತೊಂಡೆ 2001ರಲ್ಲಿ. ದಾಖಲೆ ಬರೆಯುತ್ತಿರುವ ಹೆಸರುಗಳಲ್ಲಿ ಬಹುತೇಕ ಯಾರೂ ಈಗ ಬದುಕಿಲ್ಲ.

'ಗ್ರಾಮ ಯಾತ್ರಾ'ದ ಕಥೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಹುಸೇನ್ ಅದನ್ನು ಬರೆದದ್ದು 1954ರಲ್ಲಿ. ಸುಮಾರು 14 ಅಡಿ ಅಗಲದ ಕ್ಯಾನ್ವಾಸು, ಅದರಲ್ಲಿ ಹಳ್ಳಿ ಬದುಕಿನ 13 ತುಣುಕುಗಳು. ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆಂದು ದಿಲ್ಲಿಗೆ ಬಂದಿದ್ದ ವೊಲೊಡಾರ್ಸ್ಕಿ ಎಂಬ ಡಾಕ್ಟರು ಆ ವರ್ಷವೇ ಅದನ್ನು ಕೊಂಡರು, ನಾರ್ವೆಗೆ ಒಯ್ದರು, 1964ರಲ್ಲಿ ಓಸ್ಲೋದ ಆಸ್ಪತ್ರೆಗೆ ಕೊಟ್ಟುಬಿಟ್ಟರು. ದಶಕಗಟ್ಟಲೆ ಅದು ಆಸ್ಪತ್ರೆಯ ಒಳಗಿನ ಪಡಸಾಲೆಯೊಂದರಲ್ಲಿ ತೂಗುಹಾಕಿಕೊಂಡಿತ್ತು. ಹರಾಜಿನ ಹಣ ಹೋಗಿದ್ದು ಆ ಆಸ್ಪತ್ರೆಗೆ, ಹೊಸ ಡಾಕ್ಟರುಗಳ ತರಬೇತಿಗೆ. ಕೊಂಡವರು ಕಲಾಸಂಗ್ರಾಹಕಿ ಕಿರಣ್ ನಾಡಾರ್ ಎಂದು ಪತ್ರಿಕೆಗಳು ಬರೆದವು. ಒಳ್ಳೆಯದೇ. ಆದರೆ ಈ ಇಡೀ ವ್ಯವಹಾರದಲ್ಲಿ ಚಿತ್ರ ಬರೆದವನ ಪಾಲು ಎಷ್ಟು? 1954ರಲ್ಲಿ ಕೈಗೆ ಬಂದದ್ದು ಎಷ್ಟೋ ಅಷ್ಟೇ.

ಹರಾಜು ಅಂದರೆ ಮರುಮಾರಾಟ. ಸೈಟಿನ ಹಾಗೆ. ಮೊದಲ ಸಲ ಕೊಂಡವನಿಂದ ಎರಡನೆಯವನು, ಅವನಿಂದ ಮೂರನೆಯವನು. ರೇಟು ಏರಿದಾಗ ಲಾಭ ಕೈ ಬದಲಾಯಿಸಿದವರದ್ದು, ಕಮಿಷನ್ನು ಹರಾಜು ಮನೆಯದ್ದು. ಕಲಾವಿದನ ಮನೆ ಬಾಡಿಗೆ, ಬಣ್ಣದ ಖರ್ಚು, ಮಗಳ ಫೀಸು ಹುಟ್ಟುವುದು ಮೊದಲ ಮಾರಾಟದಲ್ಲಿ ಮಾತ್ರ. ಆ ಮೊದಲ ಮಾರಾಟ ನಡೆಯುವುದು ಸಂತೆಯಲ್ಲಿ, ಸ್ಟುಡಿಯೋದಲ್ಲಿ, ಗ್ಯಾಲರಿಯಲ್ಲಿ, ಈಚೆಗೆ ಇನ್‌ಸ್ಟಾಗ್ರಾಮಿನ ಮೆಸೇಜಿನಲ್ಲಿ. ಕಲೆ ಹೇಗಿದೆ ಅಂತ ತಿಳಿಯಬೇಕಾದರೆ ನೋಡಬೇಕಾದ್ದು ಆ ಜಾಗಗಳನ್ನು ಅಂತ ನನ್ನ ವಾದ.

ಹಾಗಂತ ಕಾನೂನು ಕಲಾವಿದನನ್ನು ಪೂರ್ತಿ ಮರೆತಿಲ್ಲ. ಕೇಳಿದರೆ ಆಶ್ಚರ್ಯ ಆಗಬಹುದು. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ 53ಎ ಅಂತ ಒಂದು ಸೆಕ್ಷನ್ ಇದೆ, 1994ರ ತಿದ್ದುಪಡಿಯಲ್ಲಿ ಸೇರಿದ್ದು. ಮೂಲ ಚಿತ್ರವೋ ಶಿಲ್ಪವೋ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟ ಆದರೆ ಕಲಾವಿದನಿಗೆ, ಅವನು ಇಲ್ಲದಿದ್ದರೆ ವಾರಸುದಾರರಿಗೆ, ಅದರಲ್ಲಿ ಪಾಲು ಸಿಗಬೇಕು ಅನ್ನುತ್ತದೆ. ಪಾಲು ಶೇ. 10 ದಾಟುವ ಹಾಗಿಲ್ಲ. ಓದಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಯಾವ ಚಿತ್ರ ಯಾವಾಗ ಎಷ್ಟಕ್ಕೆ ಕೈ ಬದಲಾಯಿಸಿತು ಅಂತ ಕಲಾವಿದನಿಗೆ ತಿಳಿಸುವವರು ಯಾರು? ಹಣ ವಸೂಲು ಮಾಡಿ ಹಂಚುವವರು ಯಾರು? ಯುರೋಪಿನಲ್ಲಿ, ಬ್ರಿಟನ್ನಿನಲ್ಲಿ ಈ ಕೆಲಸಕ್ಕೇ ಸಂಸ್ಥೆಗಳಿವೆ. ಮರುಮಾರಾಟದ ಲೆಕ್ಕ ತರಿಸಿಕೊಂಡು ಕಲಾವಿದರ ಖಾತೆಗೆ ಹಾಕುತ್ತವೆ. ನಮ್ಮಲ್ಲಿ ಹಕ್ಕು ಇದೆ, ಅದನ್ನು ವಸೂಲು ಮಾಡುವ ಕೈ ಇಲ್ಲ. ಸೆಕ್ಷನ್ ಪುಸ್ತಕದಲ್ಲೇ ಉಳಿದಿದೆ.

ತೆರಿಗೆಯದ್ದೂ ಇದೇ ಕಥೆ. 2025ರ ಸೆಪ್ಟೆಂಬರ್ 22ರಿಂದ ಚಿತ್ರ, ಶಿಲ್ಪಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಗ್ಯಾಲರಿಗಳಿಗೆ, ದೊಡ್ಡ ಸಂಗ್ರಾಹಕರಿಗೆ ಇದು ನಿಜವಾಗಿಯೂ ದೊಡ್ಡ ಸುದ್ದಿ. ಹತ್ತು ಲಕ್ಷದ ಚಿತ್ರಕ್ಕೆ 70 ಸಾವಿರ ಉಳಿಯುತ್ತದೆ. ಆದರೆ ಬೆಡ್‌ಶೀಟಿನ ಮೇಲೆ ಕೂತ ಹುಡುಗಿಗೆ? ನಮ್ಮ ರಾಜ್ಯದಲ್ಲಿ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅವಳಿಗೆ 12 ಆದರೇನು, 5 ಆದರೇನು.

ಇನ್ನು ಕೊಳ್ಳುವವರ ಕಡೆಗೆ ಬರೋಣ. 'ಚಿತ್ರ ಕೊಂಡರೆ ಇನ್ವೆಸ್ಟ್‌ಮೆಂಟ್ ಆಗುತ್ತಾ?' ಸ್ನೇಹಿತರು ಮೊದಲು ಕೇಳುವುದೇ ಇದು. ನೇರವಾಗಿ ಹೇಳಿಬಿಡುತ್ತೇನೆ: ನಮ್ಮಂಥವರಿಗೆ ಆಗಲ್ಲ. ಒಂದು ಚಿನ್ನದ ಬಳೆಯನ್ನು ಸಂಜೆ ಐದಕ್ಕೆ ಗಿರವಿ ಇಟ್ಟು ಐದೂವರೆಗೆ ದುಡ್ಡು ತರಬಹುದು. ಮೂವತ್ತು ಸಾವಿರ ಕೊಟ್ಟು ತಂದ ಹೊಸ ಕಲಾವಿದನ ಚಿತ್ರವನ್ನು ತಿರುಗಿ ಮಾರಲು ಹೋದರೆ ಕೊಳ್ಳುವವರೇ ಸಿಗುವುದಿಲ್ಲ. ಹರಾಜು ಮನೆಗಳು ಮುಟ್ಟುವುದು ಹೆಸರಾದ ಕೆಲವರ ಕೆಲಸವನ್ನು ಮಾತ್ರ. ಅಪ್ಪಿತಪ್ಪಿ ಬೆಲೆ ಏರಿ ಮಾರಿದಿರೋ, ತೆರಿಗೆ ಕೂಡ ಉಂಟು. ಮನೆಯ ಹಳೇ ಸೋಫಾ ಮಾರಿದರೆ ಬರುವ ಲಾಭಕ್ಕೆ ತೆರಿಗೆ ಇಲ್ಲ, ಗೋಡೆಯ ಚಿತ್ರ ಮಾರಿದರೆ ಇದೆ. ಚಿತ್ರ, ಶಿಲ್ಪಗಳನ್ನು ಮನೆಬಳಕೆಯ ಸಾಮಾನುಗಳ ಪಟ್ಟಿಯಿಂದ ಆದಾಯ ತೆರಿಗೆ ಕಾನೂನು ಹೊರಗಿಟ್ಟಿದೆ.

ಹಾಗಾದರೆ ಬೆಲೆ ಹೇಗೆ ಕಟ್ಟುತ್ತಾರೆ? ಅನುಭವ ಇರುವವರು ಚದರ ಇಂಚಿಗೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಹುಬ್ಬೇರಿಸಬೇಡಿ, ಗ್ಯಾಲರಿಗಳಲ್ಲೂ ಈ ಲೆಕ್ಕ ಇದೆ. ಕಲಾವಿದನ ಹೆಸರು ಬೆಳೆದ ಹಾಗೆ ಇಂಚಿನ ರೇಟು ಬೆಳೆಯುತ್ತದೆ. ಕಾಗದಕ್ಕಿಂತ ಕ್ಯಾನ್ವಾಸಿಗೆ ಜಾಸ್ತಿ. ಗ್ಯಾಲರಿಯಲ್ಲಿ ಮಾರಾಟವಾದರೆ ಬೆಲೆಯ ಅರ್ಧದವರೆಗೂ ಗ್ಯಾಲರಿಗೆ ಹೋಗುತ್ತದೆ. ಬೈಯಬೇಕಾಗಿಲ್ಲ. ಬಾಡಿಗೆ, ದೀಪ, ಕ್ಯಾಟಲಾಗು, ಕೊಳ್ಳುವವರನ್ನು ಕರೆತರುವ ಕೆಲಸ ಎಲ್ಲ ಅವರದ್ದು. ಒಂದೇ ಚಿತ್ರಕ್ಕೆ ಗ್ಯಾಲರಿಯಲ್ಲಿ ಒಂದು ಬೆಲೆ, ಸ್ಟುಡಿಯೋದಲ್ಲಿ ಅರ್ಧ ಬೆಲೆ ಇಟ್ಟರೆ ಗ್ಯಾಲರಿಯವರು ಆ ಕಲಾವಿದನನ್ನು ಮತ್ತೆ ಕರೆಯುವುದಿಲ್ಲ. ಅದಕ್ಕೇ ಸ್ಟುಡಿಯೋಕ್ಕೆ ಹೋಗಿ 'ನೇರವಾಗಿ ಕೊಡಿ, ಕಡಿಮೆ ಮಾಡ್ಕೊಳ್ಳಿ' ಅಂದಾಗ ಅವರು ಮುಜುಗರ ಪಡುವುದು.

ಸಂತೆಯಲ್ಲಿ ಇನ್ನೊಂದು ತೊಂದರೆ ಇದೆ. ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹೊಡೆಸಿ, ಮೇಲೆ ನಾಲ್ಕು ಕಡೆ ಬಣ್ಣ ತಾಗಿಸಿ 'ಕೈಯಲ್ಲಿ ಬರೆದದ್ದು' ಅಂತ ಮಾರುವವರು. ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ, ಪ್ರಿಂಟಿನ ಚುಕ್ಕಿಗಳು ಕಾಣುತ್ತವೆ. ಓರೆ ಬೆಳಕಿನಲ್ಲಿ ಹಿಡಿದರೆ ಬ್ರಷ್ಷಿನ ಉಬ್ಬುತಗ್ಗು ಚಿತ್ರದ ಜೊತೆ ಹೋಗುತ್ತಿದೆಯೋ ಸುಮ್ನೆ ಎಲ್ಲೆಲ್ಲೋ ಇದೆಯೋ ತಿಳಿಯುತ್ತದೆ. ಪ್ರಿಂಟ್ ಕೊಳ್ಳುವುದು ತಪ್ಪಲ್ಲ. ಪ್ರಿಂಟ್ ಅಂತ ಗೊತ್ತಿದ್ದು, ಪ್ರಿಂಟಿನ ಬೆಲೆಗೆ ಕೊಳ್ಳಬೇಕು ಅಷ್ಟೇ. ದೊಡ್ಡವರಿಗೂ ಮೋಸ ತಪ್ಪಿದ್ದಲ್ಲ. 2009ರಲ್ಲಿ ಎಸ್.ಎಚ್. ರಝಾ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆಂದು ದಿಲ್ಲಿಯ ಗ್ಯಾಲರಿಯೊಂದಕ್ಕೆ ಹೋದರು. ಗೋಡೆಯ ಮೇಲಿದ್ದ ಹೆಚ್ಚಿನವು ತಾವು ಬರೆದವೇ ಅಲ್ಲ ಅಂತ ಅಲ್ಲೇ ಗೊತ್ತಾಯಿತು. ರಝಾ ಆಗ ಬದುಕಿದ್ದರು, ಹೇಳಿದರು. ತೀರಿಕೊಂಡವರ ಪರವಾಗಿ ಮಾತಾಡಲು ಉಳಿಯುವುದು ಕಾಗದಪತ್ರ ಮಾತ್ರ. ಬಿಲ್ಲು, ಕಲಾವಿದನ ಸಹಿ ಇರುವ ಪತ್ರ, ಪ್ರದರ್ಶನದ ಕ್ಯಾಟಲಾಗು, ಚಿತ್ರದ ಬೆನ್ನಿನ ಮೇಲಿನ ಬರಹ.

ಕೊಂಡ ಮೇಲೆ ಚಿತ್ರ ನಮ್ಮದು. ಪೂರ್ತಿ ನಮ್ಮದಾ? ಇಲ್ಲ. ಗೋಡೆಗೆ ಹಾಕಬಹುದು, ಮಾರಬಹುದು. ಅದನ್ನು ಕ್ಯಾಲೆಂಡರಿಗೆ, ಟೀ ಶರ್ಟಿಗೆ ಹಾಕುವ ಹಕ್ಕು ಕಲಾವಿದನ ಹತ್ತಿರವೇ ಇರುತ್ತದೆ. ಹಾಳು ಮಾಡುವ ಹಕ್ಕೂ ಅಷ್ಟು ಸಲೀಸಲ್ಲ. ದಿಲ್ಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ಹೆಸರಿನಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಸೆಹಗಲ್ ಸರ್ಕಾರದ ಮೇಲೇ ಕೇಸು ಹಾಕಿದರು. 2005ರಲ್ಲಿ ದಿಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು: ಉಳಿದ ತುಣುಕುಗಳನ್ನು ಕಲಾವಿದನಿಗೆ ವಾಪಸು ಕೊಡಿ, ಜೊತೆಗೆ ಐದು ಲಕ್ಷ ಪರಿಹಾರ. ದುಡ್ಡು ಕೊಟ್ಟು ಮಾಡಿಸಿಕೊಂಡ ಸರ್ಕಾರಕ್ಕೂ ಒಡೆದು ಮೂಲೆಗೆ ಹಾಕುವ ಅಧಿಕಾರ ಇಲ್ಲ ಅಂತಾಯಿತು. ನಮ್ಮೂರಿನ ಫ್ಲೈಓವರ್ ಕಂಬಗಳ ಮೇಲೆ ಇವತ್ತು ಚಿತ್ರ ಬರೆಸಿ ನಾಳೆ ಸುಣ್ಣ ಬಳಿಸುವವರು ಈ ತೀರ್ಪನ್ನು ಓದಿರಲಿಕ್ಕಿಲ್ಲ.

ಇಲ್ಲಿಯವರೆಗೆ ಗೋಡೆಗೆ ತೂಗುಹಾಕುವ ಚಿತ್ರದ ಮಾತಾಯಿತು. ಸಮಕಾಲೀನ ಕಲೆ ಆ ಮೊಳೆಯಿಂದ ಇಳಿದು ಬಹಳ ಕಾಲ ಆಗಿದೆ. ಇಲ್ಲಿಯೇ ನಮ್ಮ ಜನರಿಗೆ ಕಿರಿಕಿರಿ ಶುರು ಆಗುವುದು: 'ಇದೂ ಒಂದು ಕಲೆನಾ?'

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರನ್ನೇ ನೋಡಿ. ಬೆಂಗಳೂರಿನ ಕೆನ್ ಕಲಾ ಶಾಲೆಯಲ್ಲಿ ಆರ್.ಎಂ. ಹಡಪದರ ಕೈಕೆಳಗೆ ಕಲಿತು, ಬರೋಡ, ಶಾಂತಿನಿಕೇತನ, ಲಂಡನ್ ಸುತ್ತಿ ಬಂದವರು. ಮೊದಲು ಚಿತ್ರ ಬರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಸಗಣಿ ಕೈಗೆತ್ತಿಕೊಂಡರು. ಆಮೇಲೆ ಸೂಜಿ, ದಾರ, ಕುಂಕುಮ. ಅವರ ಒಂದು ಹೆಸರಾಂತ ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಹತ್ತಾರು ಎಳೆ ಒಟ್ಟು ಮಾಡಿ, ಕುಂಕುಮ ಮತ್ತು ಅಂಟು ಹಚ್ಚಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆ, ನೆಲದ ಮೇಲೆ ಕರುಳಿನ ಹಾಗೆ ಹರಿದಾಡುತ್ತದೆ. ತುದಿಯಲ್ಲಿ ಆ ಎಲ್ಲ ಸೂಜಿಗಳ ಗೊಂಚಲು. ಹತ್ತಿರ ಹೋದಾಗಲೇ ಸೂಜಿ ಕಾಣುವುದು. ಕಂಡ ಕೂಡಲೇ ಕೈ ಹಿಂದಕ್ಕೆ ಬರುತ್ತದೆ. ದಾರ ಪೋಣಿಸುವುದು, ಸಾರಿಸುವುದು, ಕುಂಕುಮ ಇಡುವುದು ಎಲ್ಲ ನಮ್ಮ ಅಮ್ಮ, ಅಜ್ಜಿಯರ ಕೈ ಮಾಡುತ್ತಿದ್ದ ಕೆಲಸ. ಅದರೊಳಗಿನ ನೋವನ್ನು ಹೀಗೆ ಹೇಳಲು ಯಾವ ಎಣ್ಣೆಬಣ್ಣಕ್ಕೂ ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ. ಅವರಿಗೆ 2019ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿ ಅವರ ಕೃತಿಗಳಿವೆ. ಭದ್ರಾವತಿಯಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಮೈಸೂರಿನ ಎನ್.ಎಸ್. ಹರ್ಷ ಇನ್ನೊಂದು ಬಗೆ. ಪಂಕ್ತಿ ಊಟಕ್ಕೆ ಕೂತ ಹಾಗೆ ಸಾಲು ಸಾಲಾಗಿ ಪುಟ್ಟ ಪುಟ್ಟ ಮನುಷ್ಯರು ಅವರ ಕ್ಯಾನ್ವಾಸಿನಲ್ಲಿ ತುಂಬಿರುತ್ತಾರೆ. ದೂರದಿಂದ ಬರೀ ವಿನ್ಯಾಸ. ಬಳಿ ಹೋದರೆ ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಇನ್ನೊಂದು ಕೃತಿಯಲ್ಲಿ 190ಕ್ಕೂ ಹೆಚ್ಚು ಹೊಲಿಗೆ ಯಂತ್ರಗಳನ್ನು ಒಟ್ಟಿ, ಒಂದೊಂದರಲ್ಲೂ ಒಂದೊಂದು ದೇಶದ ಬಾವುಟ ಸಿಕ್ಕಿಸಿದ್ದಾರೆ. 2008ರಲ್ಲಿ ಆರ್ಟೆಸ್ ಮುಂಡಿ ಬಹುಮಾನ, 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ.

ಇಂಥದ್ದನ್ನು 'ಸಂಗ್ರಹಿಸುವುದು' ಹೇಗೆ? ಕೊಂಡವರಿಗೆ ವಸ್ತುಗಳ ಜೊತೆ ಜೋಡಿಸುವ ವಿಧಾನ, ಫೋಟೋಗಳು, ಕಲಾವಿದರ ಸಹಿ ಇರುವ ಪತ್ರ ಸಿಗುತ್ತದೆ. ದಾರದ ಕೃತಿಯನ್ನು ಪ್ರತಿ ಸಲ ಆ ಗೋಡೆಗೆ ತಕ್ಕಂತೆ ಹೊಸದಾಗಿ ಹರವಬೇಕು. ಇದಕ್ಕೆ ಗೋದಾಮು ಬೇಕು, ಹುಳ ಹಿಡಿಯದ ಹಾಗೆ ನೋಡಿಕೊಳ್ಳುವವರು ಬೇಕು. ಎರಡು ಬೆಡ್‌ರೂಮಿನ ಮನೆಯವರಿಂದ ಆಗುವ ಕೆಲಸ ಅಲ್ಲ. ಅದಕ್ಕೇ ಮ್ಯೂಸಿಯಂ ಬೇಕು. ಕೊಳ್ಳಲಾಗದವರೂ ನೋಡಬೇಕಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಈ ಪ್ರಶ್ನೆಗೆ ಒಂದು ಜಗಳವೇ ನಡೆದಿದೆ. ಅಬನೀಂದ್ರನಾಥ ಟಾಗೋರರ ಶಿಷ್ಯ, ಮೈಸೂರು ಅರಮನೆಗೂ ಕೆಲಸ ಮಾಡಿದ ಕೆ. ವೆಂಕಟಪ್ಪ ಅವರ ಹೆಸರಿನ ಗ್ಯಾಲರಿ ಅಲ್ಲಿದೆ, ಸರ್ಕಾರದ್ದು. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಅದರ ಗೋಡೆಗಳ ಮೇಲೆ ಮೊದಲ ಪ್ರದರ್ಶನ ಮಾಡಿದ ಕಲಾವಿದರಿಗೆ ಲೆಕ್ಕ ಇಲ್ಲ. ಕೆಲವು ವರ್ಷಗಳ ಹಿಂದೆ ಸರ್ಕಾರ ಗ್ಯಾಲರಿಯ ಅಭಿವೃದ್ಧಿಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಹೊರಟಾಗ, 2016ರಲ್ಲಿ ಕಲಾವಿದರು ಅದರ ಅಂಗಳದಲ್ಲೇ ಕೂತರು. ಧರಣಿ ಅಂದರೆ ಬರೀ ಘೋಷಣೆಯಲ್ಲ, ಅಲ್ಲೇ ಚಿತ್ರ ಬರೆದರು, ಹಾಡಿದರು. ಕೊನೆಗೆ ಆ ಯೋಜನೆ ನಿಂತುಹೋಯಿತು. ಅದೇ ರಸ್ತೆಯಲ್ಲಿ 2023ರಲ್ಲಿ ಅಭಿಷೇಕ್ ಪೊದ್ದಾರ್ ಅವರ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಸ್ವಂತ ಕಟ್ಟಡದಲ್ಲಿ ತೆರೆಯಿತು. ಚೊಕ್ಕವಾಗಿದೆ, ಕೆಳಗಿನಿಂದ ಮೇಲಿನವರೆಗೆ ಎಲ್ಲವೂ ವ್ಯವಸ್ಥಿತ.

ಎರಡೂ ಬೇಕು ಅನ್ನುವುದು ಸುಲಭದ ಮಾತು, ನಾನೂ ಅದನ್ನೇ ಅನ್ನುತ್ತಿದ್ದೆ. ಈಗ ಅಷ್ಟು ನಿಶ್ಚಿಂತೆ ಇಲ್ಲ. ಖಾಸಗಿ ಮ್ಯೂಸಿಯಂ ಆಗಲೇ ಹೆಸರು ಮಾಡಿದ್ದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ಮುಗಿಸಿ ರಾಯಚೂರಿಂದಲೋ ಗದಗಿನಿಂದಲೋ ಬಂದವನಿಗೆ 'ತಗೋ, ಒಂದು ವಾರ ಈ ಗೋಡೆ ನಿನ್ನದು' ಅನ್ನುವುದು ಬೇರೆ ಕೆಲಸ. ಅವನು ಸೋತರೂ ಪರವಾಗಿಲ್ಲ ಅನ್ನುವ ಜಾಗ ಅದು. ಶಾಂತಿನಗರದ ಕಡೆ ಸುರೇಶ್ ಜಯರಾಮ್ ತಮ್ಮ ಮನೆಯಲ್ಲೇ ನಡೆಸಿಕೊಂಡು ಬಂದಿರುವ ಒನ್ ಶಾಂತಿ ರೋಡ್‌ನಂಥ ಜಾಗಗಳು ಅದನ್ನು ಮಾಡುತ್ತಿವೆ. ಆದರೆ ಎಷ್ಟು ಮನೆಗಳು ಹಾಗೆ ಬಾಗಿಲು ತೆರೆದಾವು?

ಕೆಲವರು ಗೋಡೆಯ ಗೊಡವೆಯೇ ಬೇಡ ಅಂದುಕೊಂಡರು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಫೈಬರಿನ ಮೊಸಳೆ ಬಿಟ್ಟರು. ದಿನ ಕಳೆಯುವುದರಲ್ಲಿ ಫೋಟೋ ಊರೆಲ್ಲ ಸುತ್ತಿತು, ಗುಂಡಿ ಮುಚ್ಚಿತು. ಮೊಸಳೆಯನ್ನು ಯಾರೂ ಕೊಳ್ಳಲಿಲ್ಲ. ಕಲೆಯೊಂದಿಗೆ ಜನ ಬೆರೆಯುವುದು ಅಂದರೆ ಏನು ಅಂತ ಕೇಳುವವರಿಗೆ ನಾನು ಆ ಗುಂಡಿಯನ್ನು ತೋರಿಸುತ್ತೇನೆ.

ನನ್ನ ಖಾಲಿ ಬುಟ್ಟಿಗಳ ಕಥೆ ಬಾಕಿ ಇದೆ. ಸಂತೆಯಿಂದ ತಂದ ವಾರವೇ ಫ್ರೇಮ್ ಅಂಗಡಿಗೆ ಕೊಟ್ಟೆ. ಚಿತ್ರಕ್ಕೆ ಮೂರು ಸಾವಿರ, ಫ್ರೇಮಿಗೆ ಮೂರು ಸಾವಿರದ ಇನ್ನೂರು. ಎರಡು ಮಳೆಗಾಲ ಕಳೆಯಿತು. ಕಾಗದದ ಮೇಲೆ ಕಂದು ಚುಕ್ಕಿಗಳು ಎದ್ದವು, ಒಂದು ಅಂಚು ಉಬ್ಬಿತು. ಬಿಚ್ಚಿಸಿ ನೋಡಿದರೆ ಅಂಗಡಿಯವನು ಚಿತ್ರವನ್ನು ಅಗ್ಗದ ಹಾರ್ಡ್‌ಬೋರ್ಡಿಗೆ ಅಂಟು ಬಳಿದು ಪೂರ್ತಿ ಮೆತ್ತಿದ್ದ. ಗಾಜು ನೇರವಾಗಿ ಕಾಗದಕ್ಕೆ ತಾಗಿ ಕೂತಿತ್ತು. ಕಾಗದದ ಚಿತ್ರಕ್ಕೆ ಆಮ್ಲ ಇಲ್ಲದ ಮೌಂಟ್ ಬೋರ್ಡ್ ಬೇಕು, ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬೇಕು, ಹಿಂದೆ ಅಂಟು ಬಳಿಯಲೇಬಾರದು, ತೇವದ ಗೋಡೆಗೆ ಹಾಕಬಾರದು. ಇದೆಲ್ಲ ಕಲಿತದ್ದು ಆಮೇಲೆ. ತಪ್ಪು ಅವನದ್ದು ಎಷ್ಟೋ, ಏನೂ ಕೇಳದೆ ಕೊಟ್ಟು ಬಂದ ನನ್ನದೂ ಅಷ್ಟೇ.

ಚಿತ್ರ ಬಲ್ಲವರೊಬ್ಬರು ನಿಧಾನಕ್ಕೆ ಬೋರ್ಡಿನಿಂದ ಬಿಡಿಸಿ ಕೊಟ್ಟರು. ಬೆನ್ನಿನ ಮೇಲೆ ಅವಳು ಪೆನ್ಸಿಲಿನಲ್ಲಿ ಏನೋ ಬರೆದಿದ್ದಳು. ಅರ್ಧ ಅಂಟಿನ ಜೊತೆ ಕಿತ್ತು ಹೋಗಿತ್ತು. ಉಳಿದದ್ದು 'ಮಾರ್ಕೆಟ್, ಮಧ್ಯಾಹ್ನ ಎರಡು' ಅಂತ. ಸಹಿ ಇಲ್ಲ, ವರ್ಷ ಇಲ್ಲ. ಬಿಲ್ಲನ್ನು ನಾನು ಅವತ್ತು ಕೇಳಿರಲೇ ಇಲ್ಲ.

ಪರ್ಸಿನಲ್ಲಿ ಅವಳ ಕಾರ್ಡ್ ಇತ್ತು. ಫೋಟೋ ಕಳಿಸಿ, ಇದು ನಿಮ್ಮದೇ ಅಂತ ಎರಡು ಸಾಲು ಬರೆದು ಕೊಡ್ತೀರಾ ಅಂತ ಕೇಳಿದೆ. ಸಂಜೆ ಫೋನ್ ಮಾಡಿದಳು.

"ಅಯ್ಯೋ, ಬುಟ್ಟಿದು! ಯಾರ ಹತ್ರ ಹೋಯ್ತು ಅಂತಾನೇ ಮರೆತಿದ್ದೆ ಸರ್. ಬರ್ಕೊಡ್ತೀನಿ. ಅವತ್ತೇ ಕೂತು ಬರೆದ ಇನ್ನೊಂದು ನನ್ನ ಹತ್ರಾನೇ ಇದೆ. ಅದೇ ಜಾಗ, ಬುಟ್ಟಿ ಕಟ್ಟೋ ಅಮ್ಮ ಕೂತಿದ್ದಾರೆ ಅದ್ರಲ್ಲಿ."

ಎಷ್ಟು ಅಂತ ಕೇಳಿದೆ.

"ಈಗ ರೇಟ್ ಸ್ವಲ್ಪ ಜಾಸ್ತಿ ಆಗಿದೆ ಸರ್. ಎಂಟು ಸಾವಿರ. ಫ್ರೇಮ್ ಬಿಟ್ಟು."